ಬಿಎಫ್‌ಸಿಗೆ ಹೊಸ ಕೋಚ್: ಹೆಸರಿಗಿಂತ ಮೊದಲು ಆಯ್ಕೆಯ ಕ್ರಮ ಮಾತಾಡೋಣ

ಪಶ್ಚಿಮ_ಸ್ಟ್ಯಾಂಡ್

ಕೋಚ್ ಬದಲಾವಣೆ ಅಂದ ಕೂಡಲೇ ಹೆಸರುಗಳು ಉದುರೋಕೆ ಶುರುವಾಗುತ್ತೆ. ಸ್ಪೇನಿಂದ ಇವರು ಬರಲಿ, ಐ-ಲೀಗ್‌ನಲ್ಲಿ ಗೆದ್ದ ಅವರು ಬರಲಿ ಅಂತ. ಹೆಸರು ಇಲ್ಲಿ ಬೇಡ. ನಮ್ಮ ಫುಟ್‌ಬಾಲ್ ಕ್ಲಬ್ ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಮುಖ್ಯ ಕೋಚನ್ನ ಹೇಗೆ ಆರಿಸಬೇಕು, ಯಾವಾಗ ಆರಿಸಬೇಕು, ಎಲ್ಲಿ ಎಡವುತ್ತೆ, ಅಷ್ಟು ಮಾತ್ರ ಮಾತಾಡೋಣ.

ನಮ್ಮ ದಾಖಲೆಯನ್ನೇ ಮುಂದಿಡ್ತೀನಿ. 2013ರಲ್ಲಿ ಕ್ಲಬ್ ಹುಟ್ಟಿದಾಗ ಆಶ್ಲಿ ವೆಸ್ಟ್‌ವುಡ್. ಮೊದಲ ಸೀಸನ್ನಿನಲ್ಲೇ ಐ-ಲೀಗ್ (ಆಗ ದೇಶದ ಮೇಲಿನ ಲೀಗ್), ಆಮೇಲೆ ಫೆಡರೇಷನ್ ಕಪ್, 2015-16ರಲ್ಲಿ ಮತ್ತೆ ಐ-ಲೀಗ್. 2016ರ ಬೇಸಿಗೆ ಕಳೆದ ಮೇಲೆ ಆಲ್ಬರ್ಟ್ ರೋಕಾ: 2017ರ ಫೆಡರೇಷನ್ ಕಪ್, 2018ರ ಸೂಪರ್ ಕಪ್. 2018ರ ಜೂನ್‌ನಲ್ಲಿ ಕಾರ್ಲೆಸ್ ಕ್ವಾಡ್ರತ್: 2018-19ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್). 2022ರ ಜೂನ್‌ನಲ್ಲಿ ಸೈಮನ್ ಗ್ರೇಸನ್: ಅದೇ ವರ್ಷದ ಡ್ಯುರಾಂಡ್ ಕಪ್. ಒಟ್ಟು ಏಳು ದೊಡ್ಡ ಕಪ್.

ಈ ನಾಲ್ಕೂ ಜನ ಸೀಸನ್ ಶುರುವಾಗೋಕೆ ಮುಂಚೆ ಬಂದವರು. ಸೀಸನ್ ನಡೀತಿರುವಾಗ ನೇಮಕವಾದ ಇಬ್ಬರು, 2021ರ ಫೆಬ್ರವರಿಯಲ್ಲಿ ಮಾರ್ಕೊ ಪೆಝಾಯುವೋಲಿ, 2023ರ ಡಿಸೆಂಬರ್‌ನಲ್ಲಿ ಜೆರಾರ್ಡ್ ಜರಗೋಜಾ. ಇವರಿಗೆ ಕಪ್ ಇಲ್ಲ. ಜರಗೋಜಾ ಉದಾಹರಣೆ ಇನ್ನೂ ಸ್ಪಷ್ಟ. ಅರ್ಧ ಸೀಸನ್ ಕೈಗೆ ಸಿಕ್ಕಾಗ ತಂಡ 10ನೇ ಸ್ಥಾನ. ಅದೇ ಕೋಚ್‌ಗೆ ಪೂರ್ತಿ ಪ್ರಿ-ಸೀಸನ್ (ಸೀಸನ್‌ಗೆ ಮುಂಚಿನ ತಯಾರಿ) ಸಿಕ್ಕ 2024-25ರಲ್ಲಿ ಮೂರನೇ ಸ್ಥಾನ, ಪ್ಲೇಆಫ್‌ನಲ್ಲಿ ಮುಂಬೈ ವಿರುದ್ಧ 5-0 ಗೆಲುವು, ಕೋಲ್ಕತ್ತಾದ ಸಾಲ್ಟ್ ಲೇಕ್‌ನಲ್ಲಿ ಫೈನಲ್.

ಹಾಗಾಗಿ ನನ್ನ ಮೊದಲ ಮಾತು: ಯಾರನ್ನ ತರ್ತೀವಿ ಅನ್ನೋದಕ್ಕಿಂತ ಯಾವ ತಿಂಗಳಲ್ಲಿ ತರ್ತೀವಿ ಅನ್ನೋದು ದೊಡ್ಡದು.

ಲೆಕ್ಕದ_ಪುಸ್ತಕ

ಆರು ಜನರ ಲೆಕ್ಕದಲ್ಲಿ ನಿಯಮ ಬರೆಯೋದು ಕಷ್ಟ. ಮಧ್ಯದಲ್ಲಿ ಬರೋ ಕೋಚ್ ಕೈಗೆ ಸಿಗೋದೇ ಕೆಟ್ಟ ಸ್ಥಿತಿಯಲ್ಲಿರೋ ತಂಡ, ಅದನ್ನೂ ಎಣಿಸಬೇಕು. ಆದರೂ ಮಧ್ಯದಲ್ಲಿ ತೆಗೆಯೋ ನಿರ್ಧಾರ ಎಷ್ಟು ದುಬಾರಿ ಅನ್ನೋದನ್ನ ಅಂಕಿಯಲ್ಲಿ ತೋರಿಸಬಹುದು.

ಒಂದು ಮಧ್ಯಮ ತಂಡ ಇಟ್ಕೊಳ್ಳಿ: ಪ್ರತಿ ಪಂದ್ಯದಲ್ಲಿ ಗೆಲುವಿನ ಸಾಧ್ಯತೆ 40%, ಡ್ರಾ 30%, ಸೋಲು 30%. ಸರಾಸರಿ ಪಂದ್ಯಕ್ಕೆ 1.5 ಅಂಕ. ಆರು ಪಂದ್ಯಕ್ಕೆ 9 ಅಂಕ ನಿರೀಕ್ಷೆ. ಆದರೆ ಅದೇ ತಂಡ, ಅದೇ ಕೋಚ್, ಏನೂ ಬದಲಾಗದೆ ಆರು ಪಂದ್ಯದಲ್ಲಿ 6 ಅಂಕ ತಂದರೂ 12 ತಂದರೂ ಅದು ಮಾಮೂಲಿ ಏರಿಳಿತ. 3 ಅಥವಾ ಅದಕ್ಕಿಂತ ಕಡಿಮೆ ಬರೋದು ನೂರಕ್ಕೆ ಮೂರು-ನಾಲ್ಕು ಸಲ. ಅಪರೂಪ ಅನ್ಸುತ್ತೆ. ಆದರೆ ಲೀಗಿನಲ್ಲಿ ಹನ್ನೆರಡು-ಹದಿಮೂರು ತಂಡ ಇದ್ದಾಗ, ಒಂದೊಂದಕ್ಕೂ ಇಪ್ಪತ್ತಕ್ಕಿಂತ ಹೆಚ್ಚು ಪಂದ್ಯ ಇದ್ದಾಗ, ಪ್ರತಿ ವರ್ಷ ಯಾರೋ ಒಬ್ಬರು ಆ ಗುಂಡಿಗೆ ಬೀಳಲೇಬೇಕು. ಆ ಹೊತ್ತಲ್ಲಿ ಕೋಚನ್ನ ತೆಗೆದರೆ ಮುಂದಿನ ಆರು ಪಂದ್ಯ ತಾನಾಗಿ ಸುಧಾರಿಸಿದ ಹಾಗೆ ಕಾಣುತ್ತೆ. ಸುಧಾರಿಸಿದ್ದು ಹೊಸ ಕೋಚ್‌ನಿಂದಲ್ಲ, ತಂಡ ತನ್ನ ಸರಾಸರಿಗೆ ವಾಪಸ್ ಬಂದಿದ್ದು.

2022-23 ನೆನಪಿಸಿಕೊಳ್ಳಿ. ಗ್ರೇಸನ್ ತಂಡ ಸೀಸನ್ನಿನ ಮೊದಲರ್ಧ ಕೆಳಗೇ ಒದ್ದಾಡ್ತಿತ್ತು. ಯಾರೂ ಕೈ ಹಾಕಲಿಲ್ಲ. ಆಮೇಲೆ ಸಾಲಾಗಿ ಎಂಟು ಗೆಲುವು, 34 ಅಂಕ, ನಾಲ್ಕನೇ ಸ್ಥಾನ, ಗೋವಾದ ಫತೋರ್ಡಾದಲ್ಲಿ ನಡೆದ ಫೈನಲ್‌ನಲ್ಲಿ ಪೆನಾಲ್ಟಿ ಶೂಟೌಟ್ ತನಕ.

ಆದ್ದರಿಂದ ಆಡಳಿತ ನೋಡಬೇಕಾದ್ದು ಅಂಕಪಟ್ಟಿಗಿಂತ ಮೊದಲು ಮೂರು ವಿಷಯ. ಒಂದು, ಪೆನಾಲ್ಟಿ ಬಿಟ್ಟು ಎಕ್ಸ್‌ಜಿ (ಸಿಕ್ಕ ಅವಕಾಶಗಳಿಂದ ಎಷ್ಟು ಗೋಲ್ ಬರಬೇಕಿತ್ತು ಅನ್ನೋ ಅಂದಾಜು) ವ್ಯತ್ಯಾಸ, ಕನಿಷ್ಠ 10 ಪಂದ್ಯದ್ದು. ಎರಡು, ಎದುರಾಳಿ ನಮ್ಮ ಬಾಕ್ಸ್ (ಗೋಲ್ ಮುಂದಿನ ಪೆನಾಲ್ಟಿ ಜಾಗ) ಒಳಗೆ ಚೆಂಡು ಮುಟ್ಟೋ ಸಂಖ್ಯೆ ಏರ್ತಿದೆಯೋ ಇಳೀತಿದೆಯೋ. ಮೂರು, 75ನೇ ನಿಮಿಷದ ನಂತರದ ಓಟ. ಜಿಪಿಎಸ್ ವೆಸ್ಟ್‌ನಿಂದ ಬರೋ ವೇಗದ ಓಟದ ದೂರ ಬಿದ್ದಿದ್ದರೆ ಫಿಟ್‌ನೆಸ್ ಸಮಸ್ಯೆ ಅಥವಾ ಆಟಗಾರರು ಮನಸ್ಸು ಬಿಟ್ಟಿದ್ದಾರೆ. ಈ ಮೂರೂ ಕೆಟ್ಟಿದ್ದರೆ ತೆಗೀರಿ. ಬರೀ ಅಂಕ ಕೆಟ್ಟಿದ್ದರೆ ತಡ್ಕೊಳ್ಳಿ.

ಗೌತಮಪುರ_ಹತ್ತು

ಎಕ್ಸ್‌ಜಿ ಎಲ್ಲ ಸರಿ ಗುರು, ಆದರೆ 2023ರ ಡಿಸೆಂಬರ್‌ನಲ್ಲಿ ಕಂಠೀರವದಲ್ಲೇ ಮುಂಬೈ ಕೈಲಿ 4-0 ಸೋತಾಗ ಗ್ರೇಸನ್ ಅವರನ್ನ ತೆಗೆಯದೆ ಇರೋಕೆ ಆಗ್ತಿತ್ತಾ? ಒಂಬತ್ತು ಪಂದ್ಯಕ್ಕೆ ಒಂದೇ ಗೆಲುವು. ಸ್ಟ್ಯಾಂಡ್ ಖಾಲಿ ಆಗೋಕೆ ಶುರುವಾದರೆ ಅದಕ್ಕೂ ಒಂದು ಬೆಲೆ ಇದೆ. ತೆಗೆದಿದ್ದು ತಪ್ಪು ಅಂತ ನಾನು ಒಪ್ಪಲ್ಲ. ಆ ದಿನ ಮುಂದಿನವರ ಪಟ್ಟಿ ಮೇಜಿನ ಮೇಲೆ ಸಿದ್ಧ ಇರಬೇಕು, ನನ್ನ ಮಾತು ಇಷ್ಟೇ.

ಪಶ್ಚಿಮ_ಸ್ಟ್ಯಾಂಡ್

ಅದನ್ನ ನಾನೂ ಒಪ್ತೀನಿ. ಪಟ್ಟಿ ವರ್ಷ ಪೂರ್ತಿ ಬದುಕಿರಬೇಕು. ಹತ್ತು ಹೆಸರು, ಪ್ರತಿ ಮೂರು ತಿಂಗಳಿಗೊಮ್ಮೆ ಪರಿಶೀಲನೆ: ಒಪ್ಪಂದ ಯಾವಾಗ ಮುಗಿಯುತ್ತೆ, ಬಿಡುಗಡೆ ಮೊತ್ತ ಎಷ್ಟು, ಕುಟುಂಬ ಸಮೇತ ಬರೋಕೆ ತಯಾರಿದ್ದಾರಾ, ಯಾವ ಸಹಾಯಕರನ್ನ ಕರ್ಕೊಂಡು ಬರ್ತಾರೆ. ಈಗಿನ ಕೋಚ್ ಚೆನ್ನಾಗಿ ಗೆಲ್ತಿರುವಾಗಲೂ ಈ ಕೆಲಸ ನಡೀಬೇಕು, ಗೆಲ್ಲೋ ಕೋಚನ್ನ ಬೇರೆಯವರು ಎಳ್ಕೊಂಡು ಹೋಗ್ತಾರಲ್ಲ.

ಹಳೇ_ನೀಲಿ

ಎಲ್ಲರೂ ಮರೀತಿರೋ ಒಂದು ದಾರಿ ಇದೆ, ಮನೆಯೊಳಗಿನ ಉತ್ತರಾಧಿಕಾರ. ಬಿಎಫ್‌ಸಿಗೆ ಅತ್ಯಂತ ಚೆನ್ನಾಗಿ ನಡೆದಿದ್ದು ಅದೇ.

ರೋಕಾ ಬಾರ್ಸಿಲೋನಾದಲ್ಲಿ ಫ್ರಾಂಕ್ ರೈಕಾರ್ಡ್ ಜೊತೆ ಸಹಾಯಕರಾಗಿದ್ದವರು. ಇಲ್ಲಿಗೆ ಬಂದಾಗ 2016ರ ಎಎಫ್‌ಸಿ ಕಪ್ (ಏಷ್ಯಾದ ಕ್ಲಬ್‌ಗಳ ಟೂರ್ನಿ) ಅರ್ಧ ನಡೆದಿತ್ತು. ಗುಂಪು ಹಂತ ವೆಸ್ಟ್‌ವುಡ್ ಕಾಲದ್ದು, ಕ್ವಾರ್ಟರ್ ಫೈನಲ್‌ನಿಂದ ರೋಕಾ. ಸೆಮಿಯಲ್ಲಿ ಹಾಲಿ ಚಾಂಪಿಯನ್ ಜೊಹೊರ್ ವಿರುದ್ಧ ಅಲ್ಲಿ 1-1, ಕಂಠೀರವದಲ್ಲಿ 3-1. ಆ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ನಮ್ಮದು. ಹೊಸಬ ಬಂದು ಹಿಂದಿನವನ ತಂಡವನ್ನ ಪೂರ್ತಿ ಕೆಡವಲಿಲ್ಲ, ಅದು ಮುಖ್ಯ. ವೆಸ್ಟ್‌ವುಡ್ ಕಟ್ಟಿದ ಶಿಸ್ತು ಮತ್ತು ದೇಹಬಲ ಹಾಗೇ ಉಳಿಸ್ಕೊಂಡು, ಅದರ ಮೇಲೆ ಪಾಸಿಂಗ್ ಸೇರಿಸಿದರು.

ಕ್ವಾಡ್ರತ್ ರೋಕಾ ಜೊತೆ ಎರಡು ವರ್ಷ ಸಹಾಯಕರಾಗಿದ್ದವರು. 2018ರಲ್ಲಿ ಮುಖ್ಯ ಕೋಚ್ ಆದಾಗ ಗುರ್‌ಪ್ರೀತ್, ಭೇಕೆ, ಹುವಾನನ್, ಡಿಮಾಸ್, ಪಾರ್ಟಾಲು, ಮಿಕು, ಉದಾಂತ, ಛೇತ್ರಿ ಎಲ್ಲರ ಸ್ವಭಾವ ಗೊತ್ತಿತ್ತು. ಹೊಸದಾಗಿ ಪರಿಚಯ ಮಾಡ್ಕೊಳ್ಳೋ ಆರು ವಾರ ಉಳೀತು. ಹಿಂದಿನ ವರ್ಷ ಲೀಗ್‌ನಲ್ಲಿ 40 ಅಂಕ ತಗೊಂಡು ಫೈನಲ್ ಸೋತ ತಂಡ ಈ ವರ್ಷ ಕಪ್ ಎತ್ತಿತು. ಜರಗೋಜಾ ಕೂಡ ಕ್ವಾಡ್ರತ್ ಕಾಲದಲ್ಲಿ ಇಲ್ಲೇ ಸಹಾಯಕ.

ಗ್ರೇಸನ್ ಮತ್ತು ಪೆಝಾಯುವೋಲಿ ಇಬ್ಬರೂ ಹೊರಗಿನಿಂದ ಬಂದವರು. ಒಬ್ಬರು ಲೀಡ್ಸ್ ತಂಡವನ್ನ 2010ರಲ್ಲಿ ಮೇಲಿನ ಡಿವಿಷನ್‌ಗೆ ಏರಿಸಿದ ಇಂಗ್ಲಿಷ್ ಆಟದವರು, ಇನ್ನೊಬ್ಬರು ಜರ್ಮನಿಯ ಯುವ ತಂಡಗಳನ್ನ ತರಬೇತಿ ಮಾಡಿದವರು. ಸ್ಪ್ಯಾನಿಷ್ ಸಾಲಿನಿಂದ ಜರ್ಮನ್, ಅಲ್ಲಿಂದ ಇಂಗ್ಲಿಷ್, ಮತ್ತೆ ಸ್ಪ್ಯಾನಿಷ್. ಒಬ್ಬ ಕೋಚ್‌ಗಾಗಿ ಕೊಂಡ ಆಟಗಾರ ಮುಂದಿನವನ ಬೆಂಚಿನಲ್ಲಿ ಕೂರ್ತಾನೆ. ಮೂರು ಸೆಂಟರ್‌ಬ್ಯಾಕ್ ಆಟಕ್ಕೆ ತಂದ ವಿಂಗ್‌ಬ್ಯಾಕ್ ನಾಲ್ಕರ ಸಾಲಿಗೆ ಬಂದಾಗ ಫುಲ್‌ಬ್ಯಾಕೂ ಆಗಲ್ಲ, ವಿಂಗರೂ ಆಗಲ್ಲ.

ಲೆಕ್ಕದ_ಪುಸ್ತಕ

ಒಳಗಿನವರು ಅಂತ ಕುರುಡಾಗಿ ನಂಬೋಕೂ ಆಗಲ್ಲ. ಕ್ವಾಡ್ರತ್ ಅವರ ಮೂರನೇ ಸೀಸನ್ ನೋಡಿ. ಕೋವಿಡ್ ಕಾಲದ ಗೋವಾ ಬಯೋಬಬಲ್, ಪ್ರೇಕ್ಷಕರಿಲ್ಲ, ಸರಿಯಾದ ಪ್ರಿ-ಸೀಸನ್ ಇಲ್ಲ, ಅದೆಲ್ಲ ನಿಜ. ಅದರ ಜೊತೆಗೆ ತಂಡದ ಬೆನ್ನೆಲುಬಾಗಿದ್ದ ಅದೇ ಆಟಗಾರರಿಗೆ ವಯಸ್ಸಾಗಿತ್ತು, ನಮ್ಮ ಆಟ ಎದುರಾಳಿಗಳಿಗೆ ಬಾಯಿಪಾಠ ಆಗಿತ್ತು. ಸಾಲಾಗಿ ಮೂರು ಸೋಲಾದ ಮೇಲೆ 2021ರ ಜನವರಿಯಲ್ಲಿ ಬೇರ್ಪಟ್ಟರು, ಸೀಸನ್ ಮುಗಿದಾಗ ಏಳನೇ ಸ್ಥಾನ. ಒಳಗಿನಿಂದ ಬಂದವನಿಗೆ ಹಳೇ ಆಟಗಾರರನ್ನ ಬಿಡೋದು ಕಷ್ಟ, ಅವನು ಗೆದ್ದಿದ್ದೇ ಅವರ ಜೊತೆ. ಅದಕ್ಕೇ ಆಟಗಾರರ ಒಪ್ಪಂದ ನವೀಕರಣದ ಕೊನೆಯ ಸಹಿ ಕೋಚ್ ಕೈಲಿ ಇರಬಾರದು.

ಕೆಂಪುಕೋಟೆ

ಹೊರಗಿನ ಎರಡು ಉದಾಹರಣೆ ಪಕ್ಕಪಕ್ಕ ಇಟ್ಟರೆ ಹಳೇ_ನೀಲಿ ಮಾತು ಇನ್ನೂ ಬಿಗಿಯಾಗುತ್ತೆ.

ಮ್ಯಾಂಚೆಸ್ಟರ್ ಯುನೈಟೆಡ್, 2013. ಬಹುಕಾಲದ ಮ್ಯಾನೇಜರ್ ಫರ್ಗ್ಯೂಸನ್ ನಿವೃತ್ತಿ, ಅದೇ ಬೇಸಿಗೆಯಲ್ಲಿ ಮುಖ್ಯ ಕಾರ್ಯನಿರ್ವಾಹಕ ಡೇವಿಡ್ ಗಿಲ್ ಕೂಡ ಹೊರಟರು. ಆಟಗಾರರನ್ನ ಕೊಳ್ಳೋದು ಗೊತ್ತಿದ್ದ ಇಬ್ಬರೂ ಒಟ್ಟಿಗೆ ಇಲ್ಲವಾದರು. ಹೊಸ ಮ್ಯಾನೇಜರ್ ಮಾಯ್ಸ್‌ಗೆ ಆರು ವರ್ಷದ ಒಪ್ಪಂದ ಕೊಟ್ಟರು. ಅವರು ಬಂದವರೇ ಫೆಲನ್, ಮ್ಯೂಲೆನ್‌ಸ್ಟೀನ್ ಇದ್ದ ಹಳೇ ಕೋಚಿಂಗ್ ಬಳಗ ಬದಲಾಯಿಸಿ ತಮ್ಮವರನ್ನ ತಂದರು. ಮೊದಲ ಸೀಸನ್ ಮುಗಿಯೋ ಮುಂಚೆ, 2014ರ ಏಪ್ರಿಲ್‌ನಲ್ಲಿ ತೆಗೆದರು.

ಲಿವರ್‌ಪೂಲ್, 2024. ಮ್ಯಾನೇಜರ್ ಕ್ಲೋಪ್ ಹೋಗ್ತೀನಿ ಅಂತ ಜನವರಿ 26ಕ್ಕೇ ಹೇಳಿದರು. ಮಾಲೀಕರು ಕೋಚನ್ನ ಹುಡುಕೋಕೆ ಓಡಲಿಲ್ಲ. ಮೊದಲು ಹಿಂದೆ ಅಲ್ಲೇ ಸ್ಪೋರ್ಟಿಂಗ್ ಡೈರೆಕ್ಟರ್ (ಆಟಗಾರರು, ಕೋಚ್ ಆಯ್ಕೆ ನೋಡ್ಕೊಳ್ಳೋರು) ಆಗಿದ್ದ ಮೈಕಲ್ ಎಡ್ವರ್ಡ್ಸ್‌ನ ವಾಪಸ್ ಕರೆದರು, ಆಮೇಲೆ ಆ ಹುದ್ದೆಗೆ ರಿಚರ್ಡ್ ಹ್ಯೂಸ್. ಅವರಿಬ್ಬರೂ ಕೂತ ಮೇಲೆ ಕೋಚ್ ಆಗಿ ಆರ್ನೆ ಸ್ಲಾಟ್. ಹುದ್ದೆಯ ಹೆಸರೇ ಮ್ಯಾನೇಜರ್ ಬದಲು ಹೆಡ್ ಕೋಚ್ ಅಂತ ಮಾಡಿದರು. ಕ್ಲೋಪ್ ಆಟಗಾರರಲ್ಲಿ ಹೆಚ್ಚೂಕಡಿಮೆ ಎಲ್ಲರನ್ನೂ ಇಟ್ಕೊಂಡು ಮೊದಲ ಸೀಸನ್ನಿನಲ್ಲೇ ಪ್ರೀಮಿಯರ್ ಲೀಗ್ ಗೆದ್ದರು.

ಹಣದಲ್ಲಿ ನಮಗೂ ಅವರಿಗೂ ಹೋಲಿಕೆ ಇಲ್ಲ. ಕ್ರಮ ಮಾತ್ರ ನೋಡಿ: ಕೋಚನ್ನ ಆರಿಸೋ ಮನುಷ್ಯ ಮೊದಲು, ಕೋಚ್ ಆಮೇಲೆ. ಅದಕ್ಕೆ ಕೋಟಿ ಖರ್ಚಿಲ್ಲ.

ಕಾರ್ನರ್_ಬಾವುಟ

ಇಷ್ಟು ಹೊತ್ತಾದರೂ ಯಾರೂ ಸೆಟ್‌ಪೀಸ್ (ಕಾರ್ನರ್, ಫ್ರೀಕಿಕ್‌ನಂಥ ನಿಂತ ಚೆಂಡಿನ ಆಟ) ಎತ್ತಲಿಲ್ಲ, ನಾನೇ ಎತ್ತುತೀನಿ. ನಮ್ಮ ಕ್ಲಬ್ಬಿನ ಮೂರು ದೊಡ್ಡ ದಿನ ನೋಡಿ.

2015ರ ಮೇ 31. ಐ-ಲೀಗ್ ಕೊನೆಯ ಪಂದ್ಯ, ಕಂಠೀರವ, ಮಳೆ. ಮೋಹನ್ ಬಗಾನ್ ವಿರುದ್ಧ ಗೆದ್ದರೆ ಕಪ್ ನಮ್ಮದು. 1-0 ಮುಂದಿದ್ದೆವು. 87ನೇ ನಿಮಿಷದಲ್ಲಿ ಸೋನಿ ನೋರ್ಡೆ ಕಾರ್ನರ್, ಬೆಲ್ಲೊ ರಝಾಕ್ ಹೆಡರ್. ಕಪ್ ಕೋಲ್ಕತ್ತಾಗೆ ಹೋಯ್ತು.

2018ರ ಮಾರ್ಚ್ 17. ಐಎಸ್‌ಎಲ್ ಫೈನಲ್, ಅದೇ ಮೈದಾನ. ಛೇತ್ರಿ 9ನೇ ನಿಮಿಷಕ್ಕೇ ಗೋಲ್ ಹೊಡೆದರು. ಚೆನ್ನೈಯಿನ್‌ನ ಮೈಲ್‌ಸನ್ ಆಲ್ವೆಸ್ ಎರಡು ಕಾರ್ನರ್, ಎರಡು ಹೆಡರ್. 3-2ಕ್ಕೆ ಸೋತೆವು.

2019ರ ಮಾರ್ಚ್ 17. ಸರಿಯಾಗಿ ಒಂದು ವರ್ಷ, ಮುಂಬೈ. ಗೋವಾ ವಿರುದ್ಧ 117ನೇ ನಿಮಿಷ, ಡಿಮಾಸ್ ಕಾರ್ನರ್, ಭೇಕೆ ಹೆಡರ್. 1-0.

ಮೂರೂ ದಿನ ಕಪ್ ಯಾರ ಕೈಗೆ ಅನ್ನೋದನ್ನ ಕಾರ್ನರ್ ನಿರ್ಧರಿಸಿದೆ. ಹಾಗಿದ್ದ ಮೇಲೆ ಮುಖ್ಯ ಕೋಚ್ ಸಂದರ್ಶನದಲ್ಲಿ ಮೊದಲ ಅರ್ಧ ಗಂಟೆ ಇದಕ್ಕೇ ಇರಬೇಕು. ಕೇಳಬೇಕಾದ್ದು: ಕಾರ್ನರ್ ತಡೆಯುವಾಗ ಜಾಗ ಕಾಯೋಕೆ ಎಷ್ಟು ಜನ, ಎದುರಾಳಿ ಆಳನ್ನ ಹಿಡಿಯೋಕೆ ಎಷ್ಟು ಜನ? ಹತ್ತಿರದ ಕಂಬದಲ್ಲಿ ಯಾರು? ಗೋಲ್‌ಕೀಪರ್ ಹೊರಗೆ ಬರಬೇಕಾದ ಗಡಿ ಎಲ್ಲಿ? ನಮ್ಮ ಕಾರ್ನರ್ ಹೊತ್ತಲ್ಲಿ ಹಿಂದೆ ಎಷ್ಟು ಜನ ಉಳೀತಾರೆ? ಅಭ್ಯಾಸ ವಾರದಲ್ಲಿ ಎಷ್ಟು ನಿಮಿಷ, ಯಾವ ದಿನ? "ಪಂದ್ಯದ ಹಿಂದಿನ ದಿನ ಕಾಲು ಗಂಟೆ" ಅಂದರೆ ಆ ಅಭ್ಯರ್ಥಿ ಬೇಡ. ಎರಡು ದಿನ, ತಲಾ 25 ನಿಮಿಷ, ಒಂದು ದಿನ ಪೂರ್ತಿ ವೇಗದಲ್ಲಿ ಎದುರಾಳಿ ಇಟ್ಕೊಂಡು, ಇಷ್ಟಾದರೂ ಬೇಕು. ಪೂರ್ತಿ ವೇಗದಲ್ಲಿ ಮಾಡದಿದ್ದರೆ ಆಳು ತಪ್ಪಿಸ್ಕೊಳ್ಳೋದು ಪಂದ್ಯದ ದಿನವೇ ಗೊತ್ತಾಗೋದು.

ಗೌತಮಪುರ_ಹತ್ತು

2015 ಓದಿ ಹೊಟ್ಟೆ ಉರೀತು. ಒಪ್ಪಿದೆ.

ಆಸ್ಟಿನ್‌ಟೌನ್_ಅಂಗಳ

ಸಂದರ್ಶನದ ಮಾತು ಬಂತಲ್ಲ, ಅದನ್ನೇ ಮುಂದುವರಿಸ್ತೀನಿ. ಪ್ರೆಸೆಂಟೇಷನ್ ನೋಡಿ ಕೋಚನ್ನ ಆರಿಸಬಾರದು. ಎಲ್ಲರ ಸ್ಲೈಡಿನಲ್ಲೂ "ಹೈ ಪ್ರೆಸ್, ಚೆಂಡಿನ ಹಿಡಿತ, ಯುವಕರಿಗೆ ಅವಕಾಶ" ಅಂತಲೇ ಇರುತ್ತೆ.

ನಡೆಸಬೇಕಾದ ಕ್ರಮ ಹೀಗೆ. ಹತ್ತರ ಪಟ್ಟಿಯಿಂದ ನಾಲ್ಕಕ್ಕೆ ಇಳಿಸಿ. ಆ ನಾಲ್ವರಿಗೂ ನಮ್ಮ ಮೂರು ಪಂದ್ಯದ ಪೂರ್ತಿ ವಿಡಿಯೋ ಕಳಿಸಿ: ಒಂದು ಗೆದ್ದದ್ದು, ಒಂದು ಸೋತದ್ದು, ಒಂದು 70ನೇ ನಿಮಿಷದ ಮೇಲೆ ಕೈಬಿಟ್ಟದ್ದು. ಜೊತೆಗೆ ಆಟಗಾರರ ಪಟ್ಟಿ, ವಯಸ್ಸು, ಒಪ್ಪಂದದ ಅವಧಿ. 72 ಗಂಟೆ ಸಮಯ. ಅವರಿಂದ ವಾಪಸ್ ಬರಬೇಕಾದ್ದು ನಾಲ್ಕು: ಮೊದಲ ಪಂದ್ಯಕ್ಕೆ ಹನ್ನೊಂದು ಜನ, ಆರು ವಾರದ ಪ್ರಿ-ಸೀಸನ್ ವೇಳಾಪಟ್ಟಿ ದಿನದಿನದ್ದು, ಬಿಡಬೇಕಾದ ಮೂವರು ಮತ್ತು ಕಾರಣ, ಕೈಬಿಟ್ಟ ಆ ಪಂದ್ಯದಲ್ಲಿ 60ನೇ ನಿಮಿಷಕ್ಕೆ ತಾವಾಗಿದ್ದರೆ ಏನು ಬದಲಾಯಿಸ್ತಿದ್ದರು.

ಮೂರನೆಯದರ ಉತ್ತರದಲ್ಲಿ ನಿಜವಾದ ಕೆಲಸ ಕಾಣುತ್ತೆ. ಯಾರನ್ನ ತರಬೇಕು ಅಂತ ಎಲ್ಲರೂ ಹೇಳ್ತಾರೆ. ಯಾರನ್ನ ಬಿಡಬೇಕು ಅಂತ ಹೇಳೋಕೆ ವಿಡಿಯೋ ಕೂತು ನೋಡಿರಬೇಕು.

ಆಮೇಲೆ ವಿಚಾರಣೆ. ಹಿಂದಿನ ಕ್ಲಬ್ಬಿನ ಅಧ್ಯಕ್ಷರಿಗೆ ಫೋನ್ ಮಾಡಿ ಪ್ರಯೋಜನ ಕಡಿಮೆ, ಹೊಗಳಿ ಕೈತೊಳ್ಕೊಳ್ತಾರೆ. ಅಲ್ಲಿನ ಫಿಸಿಯೋ, ಕಿಟ್ ಮ್ಯಾನೇಜರ್, ತಂಡದಿಂದ ಹೊರಬಿದ್ದ ಇಬ್ಬರು ಆಟಗಾರರು, ಅನುವಾದಕ ಇದ್ದರೆ ಅವರು. ಬೆಂಚಿನಲ್ಲಿ ಕೂತವನನ್ನ ಕೋಚ್ ಹೇಗೆ ನಡೆಸ್ಕೊಂಡ ಅನ್ನೋದನ್ನ ಬೆಂಚಿನಲ್ಲಿ ಕೂತವನೇ ಹೇಳಬೇಕು.

ವಿದೇಶಿ ಸ್ಥಾನಗಳ ಪ್ರಶ್ನೆ ಬಿಡಲೇಬಾರದು. ಮೈದಾನದಲ್ಲಿ ಒಮ್ಮೆಗೆ ನಾಲ್ವರೇ ಅಂದಾಗ ಆ ನಾಲ್ಕನ್ನ ಎಲ್ಲಿ ಇಡ್ತಾರೆ? ಬಹಳ ಜನ ಸೆಂಟರ್‌ಬ್ಯಾಕ್, ನಡುಮೈದಾನ, ಹತ್ತನೇ ನಂಬರ್, ಸ್ಟ್ರೈಕರ್ ಅಂತಾರೆ. ಒಬ್ಬ ವಿದೇಶಿಗೆ ಗಾಯವಾದರೆ ತಂಡದ ಇಡೀ ಆಕಾರ (ಮೈದಾನದಲ್ಲಿ ನಿಲ್ಲೋ ಕ್ರಮ) ಕುಸಿಯುತ್ತೆ. ಎರಡನೇ ಯೋಜನೆ ಇಲ್ಲದವರು ಐಎಸ್‌ಎಲ್‌ಗೆ ತಯಾರಿಲ್ಲ ಅಂತ ಅರ್ಥ.

ತೋರಣಗಲ್ಲು_ಮೈದಾನ

ನಮ್ಮ ಬಳ್ಳಾರಿ ಕಡೆಯಿಂದ ಒಂದು ಮಾತು ಹೇಳ್ತೀನಿ ನೋಡ್ರಿ. ಯುರೋಪಿನ ಕೋಚ್ ಬಂದು ಮೊದಲ ದಿನಾನೇ ಎದುರಾಳಿ ಅಂಗಳದೊಳಗೆ ನುಗ್ಗಿ ಒತ್ತಡ ಹಾಕ್ರಿ ಅಂತಾರ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ, ಸಂಜಿ ತಂಪು, ಅಲ್ಲಿ ಆ ಆಟ ನಡೀತದ. ಆದ್ರ ಕೊಚ್ಚಿ, ಗೋವಾ, ಚೆನ್ನೈ, ಕೋಲ್ಕತ್ತಾದೊಳಗ ಗಾಳಿಯ ತೇವ ನೋಡ್ರಿ. ಬೆವರು ಆರೂದಿಲ್ಲ, ಮೈ ತಣಿಯೂದಿಲ್ಲ, 60ನೇ ನಿಮಿಷಕ್ಕ ಕಾಲು ಹಿಡೀತಾವು. ಮನಿ ಪಂದ್ಯದಾಗ ಒತ್ತೋ ತಂಡ ಹೊರಗ ಹೋದಾಗ ಎರಡು ಗೆರಿ ನಡುವ ದೊಡ್ಡ ಬಯಲು ಬಿಡ್ತದ.

ಅದಕ್ಕ ಅಭ್ಯರ್ಥಿಗೆ ಕೇಳ್ರಿ: ಮನಿಯೊಳಗ ಒಂದು, ಕರಾವಳಿಯೊಳಗ ಒಂದು, ಎರಡು ತರದ ಆಟ ಇಟ್ಕೊಂಡೀರೇನು? ಐದು ಬದಲಿ ಆಟಗಾರರನ್ನ ಯಾವ ನಿಮಿಷಕ್ಕ ಬಳಸ್ತೀರಿ? ಪ್ರಿ-ಸೀಸನ್ ಒಂದು ಭಾಗ ವಿಜಯನಗರದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್‌ನಾಗ ಮಾಡೂದು ಚಲೋ, ಬಿಸಿಲಿಗೆ ಮೈ ಒಗ್ತದ, ಪರೀಕ್ಷೆ ಮಾಡೋ ಸಲಕರಣೆ ಅಲ್ಲೇ ಅದಾವು. ಬಿಸಿಲಿಗೆ ಮೈ ಒಗ್ಗಾಕ ಹತ್ತರಿಂದ ಹದಿನಾಲ್ಕು ದಿನ ಬೇಕ್ರಿ. ನಾಕ್ ದಿನದ ಕ್ಯಾಂಪ್ ಬರೀ ದಣಿವು ತರ್ತದ.

ಇನ್ನೊಂದು, ಕಂಠೀರವದಾಗ ಅಥ್ಲೆಟಿಕ್ಸ್ ಟ್ರ್ಯಾಕ್ ಅದ. ಪ್ರೇಕ್ಷಕರು ದೂರ. ಉದ್ದ ಥ್ರೋ-ಇನ್‌ಗೆ ಓಡಿ ಬರಾಕ ಜಾಗ ಅದ, ಆದ್ರ ಗದ್ದಲದ ಬಲ ಸಣ್ಣ ಮೈದಾನದಷ್ಟು ಮುಟ್ಟೂದಿಲ್ಲ. ಅದಕ್ಕೂ ಕೋಚ್ ತಯಾರಿರಬೇಕು.

ಕಾನೂನು_ಕಟ್ಟೆ

ಒಪ್ಪಂದದ ಬಗ್ಗೆ ಬರೀತೀನಿ, ಹಣ ಸೋರೋದು ಅಲ್ಲೇ.

2021ರ ಜನವರಿ 1ರಿಂದ ಫಿಫಾ ವರ್ಗಾವಣೆ ನಿಯಮಾವಳಿಯ ಎರಡನೇ ಅನುಬಂಧದಲ್ಲಿ ಕೋಚ್‌ಗಳ ಒಪ್ಪಂದಕ್ಕೆ ಪ್ರತ್ಯೇಕ ನಿಯಮ ಬಂದಿದೆ. ಸಕಾರಣ ಇಲ್ಲದೆ ತೆಗೆದರೆ, ಒಪ್ಪಂದದಲ್ಲೇ ಪರಿಹಾರದ ಮೊತ್ತ ಬರೆದಿರದಿದ್ದರೆ, ಉಳಿದ ಅವಧಿಯ ಸಂಬಳವೇ ಪರಿಹಾರದ ಆಧಾರ. ಆ ಕೋಚ್ ಬೇರೆ ಕೆಲಸ ಸೇರಿದ್ದರೆ ಅಲ್ಲಿನ ಸಂಬಳ ಇದರಲ್ಲಿ ಕಳೆಯುತ್ತೆ. ಸೋತಿದ್ದಾರೆ ಅನ್ನೋದು ಸಾಮಾನ್ಯವಾಗಿ ಸಕಾರಣ ಅಲ್ಲ. ತೀರ್ಪು ಬಂದ ಮೇಲೆ 45 ದಿನದಲ್ಲಿ ಕೊಡದಿದ್ದರೆ ಹೊಸ ಆಟಗಾರರ ನೋಂದಣಿಗೆ ನಿಷೇಧ, ಗರಿಷ್ಠ ಮೂರು ಸತತ ವಿಂಡೋ (ನೋಂದಣಿ ಅವಧಿ) ತನಕ. ಒಬ್ಬ ಕೋಚ್‌ನ ಬಾಕಿ ಮುಂದಿನ ಕೋಚ್‌ನ ಆಟಗಾರರನ್ನ ತಡೆಯುತ್ತೆ ಅಂತಾಯ್ತು.

ಹಾಗಾಗಿ ನಮ್ಮಂಥ ಕ್ಲಬ್‌ಗೆ ಸರಿಹೊಂದೋದು ಎರಡು ವರ್ಷ, ಮತ್ತೆ ಒಂದು ವರ್ಷ ಷರತ್ತಿನ ಮೇಲೆ. ಪ್ಲೇಆಫ್ ತಲುಪಿದರೆ ಮೂರನೇ ವರ್ಷ ತಾನಾಗಿ ಸೇರಲಿ. ಮಧ್ಯದಲ್ಲಿ ಬೇರ್ಪಟ್ಟರೆ ಇಷ್ಟು ತಿಂಗಳ ಸಂಬಳ ಅಂತ ಅಂಕಿಯಲ್ಲೇ ಬರೀಬೇಕು. ಕೋಚ್ ತಾನೇ ಬಿಟ್ಟು ಹೋದರೆ ಕ್ಲಬ್‌ಗೆ ಎಷ್ಟು ಅನ್ನೋದೂ ಅದೇ ಪುಟದಲ್ಲಿ.

ಹೆಚ್ಚು ಜನ ಎಡವೋ ಜಾಗ ಸಹಾಯಕರ ಒಪ್ಪಂದ. ಮುಖ್ಯ ಕೋಚ್ ಜೊತೆ ಫಿಟ್‌ನೆಸ್ ಕೋಚ್, ಗೋಲ್‌ಕೀಪಿಂಗ್ ಕೋಚ್, ವಿಶ್ಲೇಷಕ ಬರ್ತಾರೆ. ಒಬ್ಬೊಬ್ಬರದೂ ಬೇರೆ ಬೇರೆ ಕೊನೆ ದಿನಾಂಕ ಇದ್ದರೆ ಕೋಚ್ ಹೋದ ಮೇಲೂ ಅವರ ಸಂಬಳ ಓಡ್ತಾ ಇರುತ್ತೆ. ಎಲ್ಲವನ್ನೂ ಮುಖ್ಯ ಒಪ್ಪಂದಕ್ಕೆ ಕಟ್ಟಬೇಕು. ಜೊತೆಗೆ ಕೋಚ್ ಹೊರಗಿಂದ ತರೋ ಬಳಗ ಗರಿಷ್ಠ ಇಬ್ಬರು. ಉಳಿದ ಸ್ಥಾನಗಳು ಕ್ಲಬ್ಬಿನ ಸ್ವಂತದವು.

ಪಶ್ಚಿಮ_ಸ್ಟ್ಯಾಂಡ್

ಆ ಕೊನೆಯ ವಾಕ್ಯಕ್ಕೆ ಅಡಿಗೆರೆ ಎಳೀತೀನಿ. ಮಧ್ಯದಲ್ಲಿ ಕೋಚ್ ಹೋದಾಗ ನಮಗೆ ಉಸಿರು ಕೊಟ್ಟಿದ್ದು ಒಳಗಿದ್ದವರು. 2021ರಲ್ಲಿ ನೌಶಾದ್ ಮೂಸಾ, 2023ರಲ್ಲಿ ರೆನಡಿ ಸಿಂಗ್. ಮೂಸಾ ಮೀಸಲು ತಂಡ ನೋಡ್ಕೊಳ್ತಿದ್ದವರು, ಕೆಳಗಿನ ಹುಡುಗರು ಯಾರು ತಯಾರಿದ್ದಾರೆ ಅಂತ ಅವರಿಗೆ ಕೇಳಿ ತಿಳೀಬೇಕಾಗಿರಲಿಲ್ಲ.

ಗೌತಮಪುರ_ಹತ್ತು

ಹಾಗಾದರೆ ನೇರ ಪ್ರಶ್ನೆ. ಭಾರತೀಯ ಮುಖ್ಯ ಕೋಚ್ ಯಾಕಾಗಬಾರದು? ಖಾಲಿದ್ ಜಮೀಲ್ 2016-17ರಲ್ಲಿ ಐಜಾಲ್ ಕ್ಲಬ್‌ಗೆ ಐ-ಲೀಗ್ ಗೆದ್ದುಕೊಟ್ಟರು. ನಾರ್ತ್‌ಈಸ್ಟ್ ಯುನೈಟೆಡ್ ತಂಡವನ್ನ ಹಂಗಾಮಿಯಾಗಿ ತಗೊಂಡು ಪ್ಲೇಆಫ್ ತನಕ ಒಯ್ದರು, ಆಮೇಲೆ ಐಎಸ್‌ಎಲ್‌ನಲ್ಲಿ ಪೂರ್ಣಾವಧಿ ಹುದ್ದೆ ಪಡೆದ ಮೊದಲ ಭಾರತೀಯ ಆದರು. 2025ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ತಂಡದ ಕೋಚ್. ಇನ್ನೇನು ಸಾಬೀತಾಗಬೇಕು?

ಹಳೇ_ನೀಲಿ

ಆಗಬಾರದು ಅಂತ ಯಾರೂ ಹೇಳಲ್ಲ. ತೊಡಕು ಇರೋದು ಪ್ರೊ ಲೈಸೆನ್ಸ್‌ನಲ್ಲಿ, ಅಂದರೆ ಕೋಚ್‌ಗಳ ಅತಿ ಮೇಲಿನ ಹಂತದ ಅರ್ಹತಾಪತ್ರದಲ್ಲಿ. ಏಷ್ಯಾ ಒಕ್ಕೂಟದ ಎಎಫ್‌ಸಿ ಪ್ರೊ ಅಥವಾ ಅದಕ್ಕೆ ಸಮನಾದ ಯುರೋಪಿನ ಯುಇಎಫ್‌ಎ ಪ್ರೊ ಇಲ್ಲದೆ ಈ ಹಂತದಲ್ಲಿ ಮುಖ್ಯ ಕೋಚ್ ಆಗೋಕಾಗಲ್ಲ. ಆ ಕೋರ್ಸ್ ಒಂದು ವಾರಾಂತ್ಯದ್ದಲ್ಲ. ಬಿಟ್ಟುಬಿಟ್ಟು ಹಲವು ಹಂತದಲ್ಲಿ ನಡೆಯುತ್ತೆ, ಅಷ್ಟು ಹೊತ್ತು ಕ್ಲಬ್ ಅವರನ್ನ ಬಿಟ್ಟುಕೊಡಬೇಕು. ಹಾಗಾಗಿ ಭಾರತೀಯ ಕೋಚ್ ಬೇಕು ಅಂದರೆ ಇವತ್ತು ಹುಡುಕಿ ಪ್ರಯೋಜನ ಇಲ್ಲ. ಇವತ್ತು ಮೀಸಲು ತಂಡದಲ್ಲಿರೋ ಒಬ್ಬರಿಗೆ ಲೈಸೆನ್ಸ್ ಖರ್ಚು, ರಜೆ ಕೊಡಬೇಕು, ಮೂರು ವರ್ಷದ ಮೇಲೆ ಫಲ. ಕ್ವಾಡ್ರತ್ ಮಾದರಿಯೇ, ಊರು ಮಾತ್ರ ನಮ್ಮದು.

ಆಸ್ಟಿನ್‌ಟೌನ್_ಅಂಗಳ

ಅದಕ್ಕೆ ಅಕಾಡೆಮಿ ಕೊಂಡಿಯೂ ಸೇರಿಸಿ. ಪೆಝಾಯುವೋಲಿ ಕಪ್ ತರಲಿಲ್ಲ, ನಿಜ. ಆದರೆ ಅವರ ಕಾಲದಲ್ಲಿ ನಾವೊರೆಮ್ ರೋಷನ್ ಸಿಂಗ್ 2021-22ರ ಉದಯೋನ್ಮುಖ ಆಟಗಾರ ಪ್ರಶಸ್ತಿ ತಗೊಂಡರು. ಮರುವರ್ಷ ಗ್ರೇಸನ್ ಕೈಯಲ್ಲಿ ಶಿವಶಕ್ತಿ ಅದೇ ಪ್ರಶಸ್ತಿ ಪಡೆದರು. 2024-25ರ ಮೊದಲ ಪಂದ್ಯದಲ್ಲೇ ಈಸ್ಟ್ ಬೆಂಗಾಲ್ ವಿರುದ್ಧ ಗೆಲುವಿನ ಗೋಲ್ ಹೊಡೆದಿದ್ದು ವಿನಿತ್ ವೆಂಕಟೇಶ್. ಮೂರು ಬೇರೆ ಬೇರೆ ಕೋಚ್, ಆದರೂ ಹುಡುಗರು ಬಂದರು. ಇದು ಕ್ಲಬ್ಬಿನ ಗುಣ. ಬರೋ ಕೋಚ್ ಅದನ್ನ ಕೆಡಿಸದ ಹಾಗೆ ಒಪ್ಪಂದದಲ್ಲಿ ಕಟ್ಟಬೇಕು: 23ರ ಒಳಗಿನವರಿಗೆ ಸೀಸನ್ನಿಗೆ ಇಷ್ಟು ನಿಮಿಷ, ಅದಕ್ಕೆ ಬೋನಸ್. ಡ್ಯುರಾಂಡ್ ಕಪ್ ಗುಂಪು ಪಂದ್ಯದ ನಿಮಿಷ ಇದರಲ್ಲಿ ಎಣಿಸಬಾರದು, ಎಣಿಸಿದರೆ ಎಲ್ಲ ಅಲ್ಲೇ ಮುಗಿಸಿಬಿಡ್ತಾರೆ.

ಕಾರ್ನರ್_ಬಾವುಟ

ಛೇತ್ರಿ ವಿಷಯವೂ ಇಲ್ಲೇ ಬರುತ್ತೆ. 2024-25ರಲ್ಲಿ 40ನೇ ವಯಸ್ಸಿನಲ್ಲಿ ಲೀಗ್‌ನಲ್ಲಿ 14 ಗೋಲ್. ಅವರ ಮೇಲಿನ ಪ್ರೀತಿಗೆ ಮಿತಿ ಇಲ್ಲ. ಆದರೆ ಬರೋ ಕೋಚ್‌ಗೆ ಆಡಳಿತ ಮೊದಲ ದಿನವೇ ಸ್ಪಷ್ಟವಾಗಿ ಹೇಳಬೇಕು: ನಿಮಿಷ ನಿರ್ಧರಿಸೋದು ನೀವು, ನಿಮ್ಮ ನಿರ್ಧಾರದ ಬೆನ್ನಿಗೆ ನಾವು. ಅದನ್ನ ಬರವಣಿಗೆಯಲ್ಲಿ ಹೇಳದೆ ಬಿಟ್ಟರೆ ಕೋಚ್‌ಗೂ ಕಷ್ಟ, ಛೇತ್ರಿಗೂ ಅನ್ಯಾಯ. ಕ್ಯಾಪ್ಟನ್ ಪಟ್ಟಿಯ ಮುಂದಿನ ಹೆಸರು ಯಾರದು ಅನ್ನೋದನ್ನ ಹೊಸ ಕೋಚ್ ಮೂರು ತಿಂಗಳು ಆಟಗಾರರ ಜೊತೆ ಕಳೆದ ಮೇಲೆ ಘೋಷಿಸಲಿ. ಬಂದ ವಾರದಲ್ಲಿ ಅಲ್ಲ.

ಲೆಕ್ಕದ_ಪುಸ್ತಕ

ಮಧ್ಯ ಸೀಸನ್ನಿನಲ್ಲಿ ಬರಲೇಬೇಕಾದರೆ ಮೊದಲ ಹತ್ತು ದಿನ ಏನು ಮಾಡಬೇಕು ಅನ್ನೋದನ್ನೂ ಹೇಳಿ ಬಿಡ್ತೀನಿ. ಆಕಾರ ಬದಲಾಯಿಸಬಾರದು. ಮೂರು-ನಾಲ್ಕು ದಿನಕ್ಕೊಂದು ಪಂದ್ಯ ಇದ್ದಾಗ ಪೂರ್ತಿ ತೀವ್ರತೆಯ ಅಭ್ಯಾಸ ವಾರಕ್ಕೆ ಒಂದೇ ಸಿಗೋದು, ಅಷ್ಟರಲ್ಲಿ ಹೊಸ ಆಕಾರ ಕೂರಲ್ಲ. ಕೈಹಾಕಬಹುದಾದ್ದು ಎರಡು: ಕಾರ್ನರ್ ರಕ್ಷಣೆ, ಮತ್ತು ನಾವು ದಾಳಿ ಮಾಡುವಾಗ ಹಿಂದೆ ನಿಲ್ಲೋ ಜನರ ಜಾಗ. ಎರಡನ್ನೂ ನಡೆದಾಡ್ತಾ ಕಲಿಸಬಹುದು, ಕಾಲಿಗೆ ಭಾರ ಇಲ್ಲ. ಗೋಲ್ ಬಿಡೋದು ಕಡಿಮೆಯಾದರೆ ಆಮೇಲೆ ಉಸಿರಾಡೋ ಜಾಗ ಸಿಗುತ್ತೆ. ಉಳಿದಿದ್ದು ಮುಂದಿನ ಪ್ರಿ-ಸೀಸನ್‌ಗೆ.

ಕಾನೂನು_ಕಟ್ಟೆ

ಅದಕ್ಕೆ ಹಸ್ತಾಂತರದ ಕಡತ ಬೇಕಲ್ಲ ಸರ್. ಹಳೇ ಕೋಚ್ ಹೊರಟ ದಿನ ವಿಶ್ಲೇಷಕನೂ ಹೊರಡ್ತಾನೆ, ಅವನ ಲ್ಯಾಪ್‌ಟಾಪ್ ಜೊತೆ ಎರಡು ವರ್ಷದ ವಿಡಿಯೋ ಕಡಿತಗಳೂ ಹೋಗ್ತಾವೆ. ಒಪ್ಪಂದದಲ್ಲಿ ಒಂದು ಸಾಲು ಸಾಕು: ಅಭ್ಯಾಸದ ಯೋಜನೆ, ಜಿಪಿಎಸ್ ದತ್ತಾಂಶ, ಗಾಯದ ದಾಖಲೆ, ವಿಡಿಯೋ, ಎದುರಾಳಿ ವರದಿ ಎಲ್ಲ ಕ್ಲಬ್ಬಿನ ಆಸ್ತಿ, ಕ್ಲಬ್ಬಿನ ಖಾತೆಯಲ್ಲೇ ಇರತಕ್ಕದ್ದು. ಗಾಯದ ದಾಖಲೆ ಮಾತ್ರ ವೈದ್ಯರ ಬೀಗದಲ್ಲಿ, ಆಟಗಾರನ ಒಪ್ಪಿಗೆ ಮೇಲೆ ತೆರೆಯೋ ಹಾಗೆ. ಪ್ರತಿ ತಿಂಗಳ ಕೊನೆಗೆ ಕ್ಲಬ್ಬಿನ ಸ್ವಂತ ವಿಶ್ಲೇಷಕ ಅದನ್ನ ತೆರೆದು ನೋಡಿ ಸರಿಯಿದೆ ಅಂತ ಸಹಿ ಹಾಕಬೇಕು. ಬೇರ್ಪಡೋ ಪತ್ರಕ್ಕೆ ಸಹಿ ಆಗೋ ದಿನ ಪಾಸ್‌ವರ್ಡ್ ಕೇಳೋಕೆ ಹೋದರೆ ಸಿಗಲ್ಲ.